ಕವಿತಾ ಕಲಿಸಿದ ಹೆಡ್, ಟೇಲ್

ಕೆಂಭಾವಿಯ ಕುರಿಗಾರ ಅಯ್ಯಣ್ಣನ ಮಗಳು ಕವಿತಾ ಸುರಪುರದ ನಮ್ಮ ಕಚೇರಿಗೆ ದಿನಾ ಬಸ್ಸಿನಲ್ಲಿ ಬರುತ್ತಾಳೆ. ರಜೆಯಿದ್ದರೆ ಈಗಲೂ ಕುರಿ ಹಿಂದೆ ಹೋಗುವ ಹುಡುಗಿ. ಕಾಲುವೆಯ ನೀರಿನ ಮಟ್ಟದ ಲೆಕ್ಕ ನೋಡುವುದು ನಮ್ಮಿಬ್ಬರ ಕೆಲಸ.

ಹೆರಿಗೆ ರಜೆ ಮುಗಿಸಿ ನಾನು ಕೆಲಸಕ್ಕೆ ಮರಳಿದ ಇವತ್ತೇ, ಕಾಲುವೆ ಗೇಟಿನವರು ಕಳಿಸಿದ ದೊಡ್ಡದೊಂದು ಲೆಕ್ಕದ ಫೈಲು ನನ್ನ ಪಾಲಿಗೆ ಬಂತು. ತೆರೆದಾಗಲೆಲ್ಲ ಕಂಪ್ಯೂಟರ್ ನಿಂತೇ ಬಿಡುತ್ತಿತ್ತು. ಅದನ್ನು ನೋಡಿ ಯಾದಗಿರಿಯ ಜಿಲ್ಲಾ ಕಚೇರಿಗೆ ಕಳಿಸದೆ ಏಳುವಂತಿರಲಿಲ್ಲ. ಮನೆಯಲ್ಲಿ ಮಗು ಹಾಲಿಗೆ ಕಾಯುತ್ತಿತ್ತು. ನನ್ನ ಕುಪ್ಪಸ ಒದ್ದೆಯಾಗತೊಡಗಿತ್ತು.

"ಇಡೀ ಫೈಲ್ ಯಾಕ ತೆರಿತಿ ಅಕ್ಕಾ? ನಮ್ಮಪ್ಪ ಸಂಜಿಗಿ ಒಂದೊಂದು ಕುರಿ ಮುಟ್ಟಿ ನೋಡಂಗಿಲ್ಲ. ಮುಂದ ಗಂಟಿ ಕಟ್ಟಿದ ಟಗರು, ಹಿಂದ ಕುಂಟಕೋತ ಬರೋ ಕುರಿ ಕುಂಟಿ, ಎರಡ ನೋಡ್ತಾನ. ಕುಂಟಿ ಬರ್ಲಿಲ್ಲಂದ್ರ ಹಿಂಡು ದಾರ್ಯಾಗ ಒಡದೈತಿ ಅಂತ."

ಹೀಗನ್ನುತ್ತ ಕವಿತಾ ಕಂಪ್ಯೂಟರಿಗೆ ಆಜ್ಞೆ ಕೊಡುವ ಕಪ್ಪು ಪರದೆ ತೆರೆದು 'ಹೆಡ್' ಎಂದು ಒತ್ತಿ, ಫೈಲಿನ ಹೆಸರು ಬರೆದಳು. ಮೊದಲ ಹತ್ತು ಸಾಲು ತಕ್ಷಣ ಬಂದವು, ಸರಿಯಾಗಿದ್ದವು. 'ಟೇಲ್' ಎಂದಾಗ ಕೊನೆಯ ಹತ್ತು ಬಂದವು. ಲೆಕ್ಕ ಮೊನ್ನೆಗೇ ನಿಂತಿತ್ತು, ಕಡೆಯ ಸಾಲು ಅರ್ಧಕ್ಕೇ ತುಂಡಾಗಿತ್ತು.

"ನಿನ್ನ ಫೈಲಿನ ಕುಂಟಿ ಬಂದಿಲ್ಲ ನೋಡು ಅಕ್ಕಾ. ಮತ್ತ ಕಳಸ್ರಿ ಅಂತ ಗೇಟಿನವರಿಗೆ ನಾ ಹೇಳ್ತೀನಿ. ನೀ ಮನಿಗಿ ನಡಿ, ಕೂಸು ಅಳಾಕತ್ತಿರ್ತೈತಿ."

ಮಗು ಹಾಲು ಕುಡಿದು ಮಲಗಿದೆ. ಕವಿತಾಳ ಸಂದೇಶ ಈಗಷ್ಟೇ ಬಂತು: "ಕುಂಟಿ ಬಂತು ಅಕ್ಕಾ, ಯಾದಗಿರಿಗೂ ಹೋತು." ನಾಳೆ ಅವಳಿಗೆ ಶೇಂಗಾ ಹೋಳಿಗೆ ಒಯ್ಯಬೇಕು.