ದೇವರ ಜಗಲಿ ಮೇಲಿದ್ದ ಪಾನಾ

ನಮ್ಮ ಅಂಗಳದ ಅಂಬಾಸಿಡರ್ ಕಾರು ಮಾವನವರ ಕಾಲದ್ದು. ಅವರು ಹೋದ ಮೇಲೆ ಅದನ್ನು ಓಡಿಸಿದ್ದಕ್ಕಿಂತ ಒರೆಸಿದ್ದೇ ಹೆಚ್ಚು. ಆದರೂ ವರ್ಷಕ್ಕೊಮ್ಮೆ ದಸರೆಯ ಬನ್ನಿ ಕೊಡಲು ಸುರಪುರದಿಂದ ಸಗರಕ್ಕೆ, ನಾದಿನಿಯ ಮನೆಗೆ, ಅದರಲ್ಲೇ ಹೋಗಬೇಕು. ಮುಂದಿನ ಸೀಟು ಅತ್ತೆಯದು. ಹಿಂದೆ ನಾನು, ನನ್ನ ಮಡಿಲಲ್ಲಿ ಹೋಳಿಗೆಯ ಡಬ್ಬಿ.

ಆ ವರ್ಷ ದಸರೆಗೆ ಮುಂಚೆ ಶಹಾಪುರದಿಂದ ಬರುವಾಗ ಕಾಲುವೆಯ ಸೇತುವೆ ಹತ್ತಿರ ಸ್ಟೇರಿಂಗ್ ನಡುಗಿತು. ಮುಂದಿನ ಗಾಲಿಗಳ ಕಡೆಯಿಂದ ಕಟಕಟ ಸದ್ದು.

"ನಿಮ್ಮಪ್ಪನ ಮೊಣಕಾಲಿನಂಗ ಸಪ್ಪಳ ಮಾಡಾಕತ್ತದಲ್ಲೋ ಇದು" ಅಂದರು ಅತ್ತೆ.

ನನ್ನ ಗಂಡ ಇಳಿದು ಗಾಲಿಯನ್ನು ಎರಡೂ ಕೈಯಿಂದ ಅಲುಗಾಡಿಸಿ ನೋಡಿದರು. ಅದು ಬೀಳಲಿರುವ ಹಲ್ಲಿನ ಹಾಗೆ ಆಡಿತು. ಮನೆಯವರೆಗೂ ಎತ್ತಿನ ಗಾಡಿಯ ನಡಿಗೆಯಲ್ಲೇ ಬಂದೆವು. ಗಾಲಿಯನ್ನು ಮೇಲೊಂದು ಕೆಳಗೊಂದು ಕಬ್ಬಿಣದ ತೋಳು ಹಿಡಿದಿರುತ್ತವೆ, ಅವೆರಡರ ನಡುವೆ ನಿಲ್ಲುವ ದಪ್ಪ ಪಿನ್ನು ಎರಡೂ ಕಡೆ ಸವೆದಿದೆ ಎಂದು ಇವರು ನನಗೆ ತಿಳಿಸಿ ಹೇಳಿದರು.

"ಓಡೋವಾಗ ಕಳಚಿದ್ರ?" ಅಂತ ಕೇಳಿದೆ.

"ಕಾಲು ಮುರದ ಎತ್ತಿನಂಗ ಮಕಾಡಿ ಬೀಳ್ತದ."

ಯಾದಗಿರಿಯಲ್ಲಿ ಸ್ಟೇಷನ್ ಕಡೆಯ ಒಂದು ಹಳೆಯ ಅಂಗಡಿಯ ಅಟ್ಟದಲ್ಲಿ ಹೊಸ ಪಿನ್ನು, ರಬ್ಬರ್ ಬುಷ್ಷುಗಳು ಸಿಕ್ಕವು. ಹಬ್ಬದ ಸಮಯ, ಗ್ಯಾರೇಜಿನವರು ಯಾರೂ ಬರಲು ಒಪ್ಪಲಿಲ್ಲ. ನಾನೇ ಹಾಕುತ್ತೇನೆ ಎಂದು ಇವರು ಹಳೆಯ ಅಂಗಿ ತೊಟ್ಟರು.

"ಕಚೇರ್ಯಾಗ ಕುರ್ಚಿ ಕಾಯೋ ಕೈ, ಗಾಡಿ ಬಿಚ್ಚಾಕ ಹೊಂಟದ" ಅಂದರು ಅತ್ತೆ.

"ಅಪ್ಪನ ಜೋಡಿ ಬಿಚ್ಚೀನವ್ವಾ."

"ಬಿಚ್ಚಿದ್ದು ಖರೆ. ಕೂಡಿಸಿದ್ದು ನಿಮ್ಮಪ್ಪ."

ಎಡಗಡೆಯದು ಸುಸೂತ್ರವಾಗಿ ಮುಗಿಯಿತು. ಬಲಗಡೆಯದು ಹಬ್ಬದ ಹಿಂದಿನ ದಿನ ಕೈಕೊಟ್ಟಿತು. ತುಕ್ಕು ಹಿಡಿದ ಹಳೆಯ ಬೋಲ್ಟು ಸಂಜೆಯವರೆಗೆ ಅಲುಗಲಿಲ್ಲ. ಹೀಗಾಗಿ ಮಹಾನವಮಿಯ ಬೆಳಿಗ್ಗೆಯೂ ಕಾರು ಕಟ್ಟಿಗೆಯ ದಿಮ್ಮಿಗಳ ಮೇಲೆಯೇ ನಿಂತಿತ್ತು.

ಮಹಾನವಮಿಯೆಂದರೆ ನಮ್ಮಲ್ಲಿ ಖಂಡೇ ಪೂಜೆ. ಕುಡುಗೋಲು, ಕೊಡಲಿ, ಈಳಿಗೆ, ಕತ್ತರಿ, ಮನೆಯಲ್ಲಿ ದುಡಿಯುವ ಕಬ್ಬಿಣವೆಲ್ಲ ತೊಳೆಸಿಕೊಂಡು ದೇವರ ಜಗಲಿ ಏರುತ್ತದೆ. ಅದನ್ನು ಮರುದಿನ ಬನ್ನಿ ಮುಡಿಯುವ ತನಕ ಯಾರೂ ಎತ್ತುವಂತಿಲ್ಲ. ಅದಕ್ಕೇ ನಾನು ತರಕಾರಿಯನ್ನು ಹಿಂದಿನ ದಿನವೇ ಹೆಚ್ಚಿಟ್ಟಿದ್ದೆ.

"ಪೂಜಿ ಹೊತ್ತಿಗಿ ಮುಗಸ್ತೀನವ್ವಾ" ಎಂದು ಇವರು ನಸುಕಿನಲ್ಲೇ ಕಾರಿನ ಕೆಳಗೆ ಸೇರಿದ್ದರು.

ನಾನು ಒಲೆಯ ಮೇಲೆ ಬೇಳೆ ಇಟ್ಟು ಅಂಗಳಕ್ಕೆ ಬಂದಾಗ ಹೊಸ ಪಿನ್ನು ಕೂತಿತ್ತು. ಕೆಳಗಿನ ತೋಳಿನ ಬೋಲ್ಟನ್ನು ಬೆರಳಿನಿಂದ ತುಸು ತಿರುಗಿಸಿದ್ದರು, ಬಿಗಿ ಮಾಡುವುದೊಂದು ಬಾಕಿ. ಈ ಕಾರಿನ ಅಡಿಯಲ್ಲಿ ಉದ್ದಕ್ಕೂ ಒಂದು ಕಬ್ಬಿಣದ ಸರಳಿದೆ. ಹಿಂಡಿದ ಸೀರೆಯಂತೆ ಅದು ತಿರುಚಿಕೊಂಡೇ ಇರುತ್ತದೆ. ಆಧಾರ ತಪ್ಪಿದರೆ ತೋಳು ನೆಲಕ್ಕೆ ಒದೆಯುತ್ತದೆ. ಆ ಒದೆತವನ್ನು ಆಗ ತಡೆದು ನಿಂತದ್ದು ಎಣ್ಣೆಯ ಜಾಕ್ ಒಂದೇ.

"ಆ ದೊಡ್ಡ ಪಾನಾ ಕೊಡು" ಅಂದರು ಇವರು ಕಾರಿನ ಅಡಿಯಿಂದ.

ಬೋಲ್ಟು ತಿರುಗಿಸುವ ಪಾನಾಗಳನ್ನು ಹರವಿದ್ದ ಗೋಣಿಚೀಲ ನೋಡಿದೆ. ಖಾಲಿ.

"ಲಗೂನ ಕೊಡು. ಜಾಕ್ ಇಳ್ಯಾಕತ್ತದ. ಮೊದಲ ಅದರ ಹಿಡಿಕಿ ಹಾಕಿ ಎರಡ ಸಲ ಒತ್ತು."

ಹಿಡಿಕೆಯೂ ಇರಲಿಲ್ಲ. ಗೋಣಿಯಿಂದ ಬಾಗಿಲವರೆಗೆ ನೀರಿನ ಹನಿಗಳು ಸಾಲಾಗಿ ಬಿದ್ದಿದ್ದವು. ಚೀಲದ ಮೇಲೆ ಬಿಟ್ಟದ್ದೆಲ್ಲ ಕೆಲಸ ಮುಗಿದದ್ದು ಎಂದುಕೊಂಡು ಅತ್ತೆ ಎಲ್ಲವನ್ನೂ ತೊಳೆದು ಒಯ್ದಿದ್ದರು.

"ರೀ, ಅತ್ತಿ ಪೂಜಿಗಿ ಒಯ್ದಾರ. ನೀವು ಹೊರಗ ಬರ್ರಿ."

"ಬರಾಕ ಆಗಂಗಿಲ್ಲ." ಅವರ ದನಿ ಸಣ್ಣದಾಗಿತ್ತು. "ಬೋಲ್ಟ್ ಒತ್ತಿ ಹಿಡದೀನಿ. ಕೈ ಸಂದ್ಯಾಗದ. ಬಿಟ್ರ ತೋಳು ಕೈ ಮ್ಯಾಲೇ ಬರ್ತದ."

ಬಗ್ಗಿ ನೋಡಿದೆ. ಬಲಗೈ ಮಣಿಕಟ್ಟಿನವರೆಗೆ ಕಬ್ಬಿಣದ ನಡುವೆ ಇತ್ತು. ಜಾಕಿನ ಬುಡದಲ್ಲಿ ಎಣ್ಣೆ ಜಿನುಗಿ ಮಣ್ಣು ಕಪ್ಪಾಗಿತ್ತು. ಹತ್ತಿರವಿದ್ದ ಕಟ್ಟಿಗೆಯ ತುಂಡನ್ನು ತೋಳಿನ ಕೆಳಗೆ ತುರುಕಲು ನೋಡಿದೆ; ಅದು ಗಿಡ್ಡದಾಯಿತು. ಒಳಗೆ ಓಡಿದೆ.

ಪೂಜೆ ಮುಗಿಯುವ ಹಂತದಲ್ಲಿತ್ತು. ಕಾಯಿ ಒಡೆದಾಗಿತ್ತು. ಜಗಲಿಯ ಮೇಲೆ ಕುಡುಗೋಲಿನ ಪಕ್ಕದಲ್ಲಿ ಪಾನಾಗಳು ಮಾವನವರು ಇಡುತ್ತಿದ್ದಂತೆಯೇ ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಮಲಗಿದ್ದವು. ಒಂದೊಂದಕ್ಕೂ ಕುಂಕುಮ, ಒಂದೊಂದು ಚೆಂಡು ಹೂವು.

"ಅತ್ತೀ, ದೊಡ್ಡ ಪಾನಾ, ಜಾಕಿನ ಹಿಡಿಕಿ ಬೇಕ್ರಿ. ಇವರ ಕೈ ಸಿಕ್ಕೊಂಡದ."

ಕೈ ಚಾಚಿದೆ. ಅತ್ತೆ ನನ್ನ ಮಣಿಕಟ್ಟು ಹಿಡಿದರು. ಮೆತ್ತಗಲ್ಲ.

"ಮುಟ್ಟಬ್ಯಾಡ. ಪೂಜಿ ಆದ ಕಬ್ಬಿಣ ಎತ್ತಿದ್ರ, ಎತ್ತಿದ ಕೈಯನ್ನ ತಗೊಂತದ."

"ಎತ್ತದಿದ್ರ ಅವರ ಕೈ ಹೋಗ್ತದ್ರಿ."

"ಯಾವ ಕೈ?"

"ಬಲಗೈರಿ."

ಅತ್ತೆ ನನ್ನನ್ನು ನೋಡಲಿಲ್ಲ, ಜಗಲಿಯನ್ನು ನೋಡಿದರು. ಹೊರಗಿನಿಂದ ಕಬ್ಬಿಣ ಕಿರುಗುಟ್ಟಿದ ಸದ್ದು ಬಂತು. ನಾನು ಕೈ ಬಿಡಿಸಿಕೊಳ್ಳಲು ಎಳೆದೆ, ಅವರು ಬಿಡಲಿಲ್ಲ. ಇನ್ನೊಂದು ಕೈಯಿಂದ ನಾಲ್ಕು ಅಕ್ಷತೆಕಾಳು ತೆಗೆದುಕೊಂಡು ಪಾನಾದ ಮೇಲೆ, ಹಿಡಿಕೆಯ ಮೇಲೆ ಹಾಕಿದರು. ಹಬ್ಬ ಮುಗಿದಾಗ ಕಲಶವನ್ನು ಕದಲಿಸುವಂತೆ ಎರಡನ್ನೂ ತುಸು ಉತ್ತರಕ್ಕೆ ಸರಿಸಿದರು.

"ತಾಯಿ, ಎತ್ತಿದಾಕಿ ನಾನು. ಲೆಕ್ಕ ನನ್ನ ಕೈದು" ಅಂದರು. ಆಮೇಲೆ ನನ್ನನ್ನು ಬಿಟ್ಟು ಎರಡನ್ನೂ ತಮ್ಮ ಬಲಗೈಯಿಂದಲೇ ಎತ್ತಿಕೊಂಡರು.

ಮೊಣಕಾಲು ನೋವಿನ ಹೆಂಗಸು ಅಷ್ಟು ಬೇಗ ಹೊಸ್ತಿಲು ದಾಟಿದ್ದನ್ನು ನಾನು ನೋಡಿರಲಿಲ್ಲ. ಕಾರಿನ ಪಕ್ಕ ಮಣ್ಣಿನಲ್ಲೇ ಕೂತರು. ನಾನು ಹಿಡಿಕೆಗೆ ಕೈ ಹಾಕಿದಾಗ ಮೊಣಕೈಯಿಂದ ನನ್ನನ್ನು ದೂಡಿದರು. "ತೂತು ಎಲ್ಲದ, ಅಷ್ಟ ತೋರ್ಸು."

ತೋರಿಸಿದೆ. ಅವರೇ ಹಿಡಿಕೆ ಸಿಕ್ಕಿಸಿ ಒತ್ತಿದರು. ಜಾಕ್ ಮೊದಲು ಕದಲಲಿಲ್ಲ. ಮತ್ತೆ ಒತ್ತಿದರು. ತೋಳು ನಿಧಾನ ಮೇಲೇರಿತು.

"ಸಾಕು, ಸಾಕು. ಹಂಗ ಹಿಡಿ" ಅಂದರು ಇವರು. "ಪಾನಾ ಎಲ್ಲಿ?"

ಕಾರಿನ ಕೆಳಗಿನಿಂದ ಚಾಚಿದ ಎಡಗೈಗೆ ಅತ್ತೆ ಪಾನಾ ಇಟ್ಟರು. "ಎತ್ತಿದ್ದು ನಾನು, ನೀ ಬರೇ ಹಿಡಿ" ಅಂದರು. ಮಗನಿಗೆ ಅದು ಅರ್ಥವಾಗಿರಲಿಕ್ಕಿಲ್ಲ. ಪಾನಾ ಕಚ್ಚಿಕೊಂಡಿತು, ತಿರುಗಿತು. ಇನ್ನೊಮ್ಮೆ, ಮತ್ತೊಮ್ಮೆ. ಸಂದಿಯಿಂದ ಬಿಡಿಸಿಕೊಂಡ ಬಲಗೈಗೆ ಪಾನಾ ಬದಲಿಸಿ ಕೊನೆಯ ಬಿಗಿ ಹಾಕಿದರು. ಕೊನೆಗೆ ಬಲಗೈ ಹೊರಗೆ ಬಂತು, ಅದರ ಹಿಂದೆ ಇಡೀ ಮನುಷ್ಯ.

ಅಂಗೈ ತುಂಬ ಕೆಂಪು. ಅತ್ತೆ ಅದನ್ನು ಕಿತ್ತುಕೊಂಡಂತೆ ಹಿಡಿದು ಸೆರಗಿನಿಂದ ಒರೆಸಿದರು.

"ರಕ್ತ ಅಲ್ಲವ್ವಾ, ಕುಂಕುಮ. ನೀನ ಹಚ್ಚಿದ್ದು."

ಅತ್ತೆ ಒಂದೊಂದೇ ಬೆರಳು ಮಡಚಿ, ಬಿಚ್ಚಿ ನೋಡಿದರು. ಆಮೇಲೆ, "ನೆಲಕ್ಕ ಬಿಟ್ಟ ಪಾನಾ ನನ್ನ ಕಣ್ಣಿಗಿ ಕೆಲಸ ಮುಗದಂಗ ಕಾಣ್ತದ. ಇನ್ನ ಮ್ಯಾಲ ಚೀಲದ ಹತ್ರ ಯಾರನ್ನರ ಕುಂಡ್ರಸು" ಅಂದು ಎದ್ದರು.

ಮರುದಿನ ಬನ್ನಿ ಮುಡಿದ ಮೇಲೆ ಕಬ್ಬಿಣವೆಲ್ಲ ಜಗಲಿ ಇಳಿಯಿತು. ಅತ್ತೆ ಈಳಿಗೆಯ ಹತ್ತಿರ ಬರಲಿಲ್ಲ. ಬದನೆಕಾಯಿ ಹೆಚ್ಚುವ ಕೆಲಸ ಅವರದು; ಅಂದು ಬುಟ್ಟಿಯನ್ನು ನನ್ನ ಕಡೆ ಸರಿಸಿದರು. ಒಲೆಯಿಂದ ಪಾತ್ರೆ ಇಳಿಸಲಿಲ್ಲ. ಬಲಗೈಯನ್ನು ಸೆರಗಿನೊಳಗೆ ಸುತ್ತಿಕೊಂಡೇ ಇದ್ದರು, ಚಹಾದ ಬಟ್ಟಲನ್ನೂ ಎಡಗೈಯಲ್ಲಿ ತೆಗೆದುಕೊಂಡರು. ನಾನೇ ಹೆಚ್ಚಿದೆ, ಇಳಿಸಿದೆ.

ಸಂಜೆ ಸಗರಕ್ಕೆ ಹೊರಟೆವು. ಸೇತುವೆ ಬಂದಾಗ ಮೂವರೂ ಮಾತು ನಿಲ್ಲಿಸಿದೆವು. ಕಟಕಟ ಸದ್ದು ಇರಲಿಲ್ಲ. ಮುಂದಿನ ಸೀಟಿನಲ್ಲಿ ಅತ್ತೆಯ ಕೈ ಸೆರಗಿನೊಳಗೇ ಇತ್ತು. ನಾದಿನಿಯ ಬಾಗಿಲಲ್ಲಿ ಇಳಿದಾಗ, ಅವಳು ತಾಯಿಯ ಕಾಲಿಗೆ ಬಿದ್ದು ಎದ್ದಳು. ಬನ್ನಿಯನ್ನು ಎಡಗೈಯಿಂದ ಕೊಡಲಾಗುವುದಿಲ್ಲ. ಅತ್ತೆ ಒಂದು ಗಳಿಗೆ ನಿಂತರು. ಆಮೇಲೆ ಬಲಗೈ ಹೊರತೆಗೆದು, ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡು, ಎಲೆಗಳನ್ನು ಮಗಳ ಅಂಗೈಯಲ್ಲಿಟ್ಟರು.