ಕೆಂಪು ಬಳಿದ ಬೊಡ್ಡೆಗಳು

ಬೀದರಿನಿಂದ ಔರಾದಿಗೆ ಹೊರಟ ಬಸ್ಸು ಕೃಷ್ಣಮೃಗಗಳ ಹುಲ್ಲುಗಾವಲಿನ ಪಕ್ಕದಲ್ಲೇ ಕೆಟ್ಟು ನಿಂತಿತು. ಮೃಗ ಕಂಡೀತೆಂದು ಇಳಿದೆ. ಕಂಡದ್ದು ಬಳ್ಳಾರಿ ಜಾಲಿ. ಹುಲ್ಲನ್ನೆಲ್ಲ ನುಂಗಿ ನಿಂತ ಮುಳ್ಳು. ಆರೇಳು ಹೆಂಗಸರು ಅದನ್ನು ಮೊಣಕಾಲೆತ್ತರಕ್ಕೆ ಕಡಿಯುತ್ತಿದ್ದರು. ಹಿಂದೆಯೇ ಮೇಸ್ತ್ರಿ ಡಬ್ಬಿ ಹಿಡಿದು, ಉಳಿದ ಬೊಡ್ಡೆಗಳಿಗೆ ಕೆಂಪು ಬಣ್ಣ ಬಳಿಯುತ್ತಿದ್ದ.

"ಬೇರು ಹಂಗೇ ಬಿಟ್ಟರ ಮತ್ತ ಚಿಗೀತದಲ್ರಿ ಅಕ್ಕಾ?" ಎಂದೆ.

ಅವರಲ್ಲಿ ಶಾಂತಾಬಾಯಿ ಎಂಬವರು ಕೊಡಲಿ ಕೆಳಗಿಟ್ಟು ಒಂದು ಬೊಡ್ಡೆ ತೋರಿಸಿದರು. ಅದರ ಮೇಲೆ ಹಳೆಯ ಕೆಂಪು ಇನ್ನೂ ಮಾಸಿರಲಿಲ್ಲ. ಸುತ್ತಲೂ ಏಳು ಹೊಸ ಕೊಂಬೆ ಎದ್ದಿದ್ದವು.

"ಹೋದ ವರ್ಷ ಇದನ್ನ ನಾನೇ ಕಡದೀನ್ರಿ. ಆವಾಗ ಒಂದೇ ಇತ್ತು. ಬೇರು ಕಿತ್ತರ ಬೊಡ್ಡಿ ಉಳಿಯಂಗಿಲ್ಲ, ಕೆಂಪು ಬೊಡ್ಡಿ ಎಣಿಸೋ ಜಂಗಲ್ ಸಾಹೇಬರಿಗಿ ತೋರಸ್ಲಾಕ ಪುರಾವಾ ಇರಂಗಿಲ್ಲ ಅಂತಾರ."

ನನಗೆ ಮೈಯೆಲ್ಲ ಉರಿಯಿತು. ಮೃಗಗಳಿಗೆ ಹುಲ್ಲು ಬೇಕು, ಸಾಹೇಬರಿಗೆ ಬೊಡ್ಡೆ ಬೇಕು. ಇಷ್ಟು ಮುತುವರ್ಜಿಯಿಂದ ಯಾರೂ ಮಾವಿನ ತೋಪನ್ನೂ ಸವರಿ ಬೆಳೆಸುವುದಿಲ್ಲ.

ಮೇಸ್ತ್ರಿ ಚಹಾಕ್ಕೆಂದು ರಸ್ತೆಯತ್ತ ಹೋದಾಗ ಶಾಂತಾಬಾಯಿ ಹಾರೆ ತಂದು ಆ ಬೊಡ್ಡೆಯ ಬುಡ ಅಗೆಯತೊಡಗಿದರು. ಉಳಿದವರು ಕೈಹಚ್ಚಿದರು. ನಾನೂ ಜಗ್ಗಿದೆ. ಕೊನೆಗೆ ತೊಡೆಗಾತ್ರದ ಬೇರು ಮಣ್ಣು ಸಮೇತ ಹೊರಬಂತು.

ಮೇಸ್ತ್ರಿ ಮರಳಿ ಬಂದು ನಾವು ಅಗೆದ ಕುಣಿ ನೋಡಿದ. ಆಮೇಲೆ ತನ್ನ ಕೈಯ ಬ್ರಶ್ ನೋಡಿಕೊಂಡ. ಬೈಯುತ್ತಾನೆಂದು ನಾನು ಜಗಳಕ್ಕೆ ಸಿದ್ಧನಾಗಿದ್ದೆ. ಅವನು ಬೈಯಲಿಲ್ಲ.

"ಈಗ ಬಣ್ಣಾ ಎಲ್ಲಿ ಹಚ್ಚಬೇಕು, ಬಾಯಿ?" ಎಂದು ನಿಜವಾಗಿಯೂ ತಿಳಿಯದೆ ಕೇಳಿದ.