ಒಂದು ಏಟು ಬಿದ್ದರೆ ನಿಲ್ಲಿಸಬೇಕು

ಕೋವಿಡ್ ಮುಗಿದು ವಿಮಾನಗಳು ಮತ್ತೆ ಹಾರತೊಡಗಿದ್ದ ವರ್ಷ. ನನ್ನ ನಿವೃತ್ತಿಗೆ ಇನ್ನೆರಡು ವರ್ಷ ಬಾಕಿ. ಸಣ್ಣ ಊರುಗಳಿಗೆ ಎಪ್ಪತ್ತು ಸೀಟಿನ ಪ್ರೊಪೆಲರ್ ವಿಮಾನ ಹಾರಿಸುವ ಕಂಪನಿಯೊಂದರಲ್ಲಿ ನಾನು ಕ್ಯಾಪ್ಟನ್. ಅದರ ಜೊತೆಗೆ ಹೊಸ ಪೈಲಟ್‌ಗಳ ಆಯ್ಕೆ ಪರೀಕ್ಷೆಯ ಹೊಣೆಯೂ ನನ್ನದೇ. ಮೂಲತಃ ಶಿರಸಿಯವನು. ಅರ್ಜಿಗಳಲ್ಲಿ ನಮ್ಮ ಕಡೆಯ ಹೆಸರು ಕಂಡದ್ದೇ ಇಲ್ಲ ಎನ್ನಬೇಕು. ಹಾಗಾಗಿ ನಸೀಮಾ, ಕಿರವತ್ತಿ, ಯಲ್ಲಾಪುರ ತಾಲೂಕು ಎಂದು ಓದಿದಾಗ ಸುಮ್ಮನೆ ಖುಷಿಯಾಯಿತು. ತಂದೆ ಲಾರಿ ಡ್ರೈವರ್. ನಮ್ಮಲ್ಲಿ ಖಾಲಿ ಇದ್ದದ್ದು ಒಂದೇ ಹುದ್ದೆ. ಎರಡು ಕಂಪನಿಗಳಲ್ಲಿ ಬೇಡವೆನಿಸಿಕೊಂಡಿದ್ದ ಹುಡುಗಿಗೆ ಇದು ಮೂರನೆಯ ಸರತಿ.

ಪರೀಕ್ಷೆ ನಡೆಯುವುದು ಸಿಮ್ಯುಲೇಟರ್‌ನಲ್ಲಿ. ಹೈಡ್ರಾಲಿಕ್ ಕಾಲುಗಳ ಮೇಲೆ ನಿಂತ ಮುಚ್ಚಿದ ಡಬ್ಬಿ ಅದು, ಒಳಗೆ ಥೇಟ್ ಕಾಕ್‌ಪಿಟ್. ಅಭ್ಯರ್ಥಿಯ ಪಕ್ಕದಲ್ಲಿ ಒಬ್ಬ ಸಹಾಯಕ ಪೈಲಟ್ ಇರುತ್ತಾನೆ. ಹಿಂದಿನ ಕುರ್ಚಿಯಲ್ಲಿ ಕೂತು ಮಳೆ, ಮಂಜು, ಇಂಜಿನ್ ಕೆಡುವುದು ಎಲ್ಲವನ್ನೂ ಒಂದು ಪ್ಯಾನೆಲ್‌ನಿಂದ ಕೊಡುವವನು ನಾನು.

ನಸೀಮಾಳ ಕೈ ಚೆನ್ನಾಗಿತ್ತು. ಒಂದು ಇಂಜಿನ್ ನಿಲ್ಲಿಸಿದೆ, ಹುಡುಗಿ ಅಳುಕಲಿಲ್ಲ. ಕೊನೆಯದಾಗಿ ದಟ್ಟ ಮಂಜಿನಲ್ಲಿ ಇಳಿಯಲು ಹೇಳಿದೆ. ಇನ್ನೂರು ಅಡಿಗೆ ಇಳಿಯುವುದರೊಳಗೆ ರನ್‌ವೇ ದೀಪ ಕಂಡರೆ ಇಳಿಯಬೇಕು, ಕಾಣದಿದ್ದರೆ ಗೋ-ಅರೌಂಡ್, ಅಂದರೆ ಮತ್ತೆ ಮೇಲೇರಬೇಕು. ಮುನ್ನೂರರಲ್ಲೇ ರನ್‌ವೇ ಆರಂಭದ ದೀಪಗಳು ಕಂಡವು. ಇಳಿಯುತ್ತಿದ್ದೇನೆ ಎಂದಳು. ನಾನು ಮನಸ್ಸಿನಲ್ಲೇ ಪಾಸು ಮಾಡಿಯಾಗಿತ್ತು.

ಆಗ ನನ್ನ ಬೆನ್ನ ಹಿಂದಿನ ಎಡಗೋಡೆಗೆ ಹೊರಗಿನಿಂದ ಯಾರೋ ಅಂಗೈಯಲ್ಲಿ ಬಡಿದರು. ಒಂದೇ ಏಟು. ಅದರ ಬೆನ್ನಲ್ಲೇ ಟಿಕ್ ಎಂದು ಸಣ್ಣದೊಂದು ಲೋಹದ ಸದ್ದು. ನಾನು ತಿರುಗಿ ನೋಡಿದೆ. ಆ ಡಬ್ಬಿ ನೆಲದಿಂದ ಎರಡಾಳು ಎತ್ತರದಲ್ಲಿ ತೂಗುತ್ತಿರುತ್ತದೆ. ಅಲ್ಲಿ ನಿಂತು ಬಡಿಯಲು ಯಾರಿಗೂ ಸಾಧ್ಯವಿಲ್ಲ. ಮತ್ತೆ ಮುಂದೆ ನೋಡುವಷ್ಟರಲ್ಲಿ ಅವಳು ಗೋ-ಅರೌಂಡ್ ಎಂದು ಪವರ್ ಕೊಟ್ಟು ಮೇಲೇರಿಯಾಗಿತ್ತು.

ಪರೀಕ್ಷೆ ಮುಗಿಸಿ ಹೊರಬಂದ ಮೇಲೆ ಇಂಗ್ಲಿಷ್ ಬಿಟ್ಟು ಕೇಳಿದೆ. "ಎಂತಕ್ಕೆ ಮೇಲೆ ಹೋದೆ? ದೀಪ ಕಂಡಿತ್ತಲ್ಲ?"

"ಒಂದು ಏಟು ಬಿತ್ತಲ್ರಿ ಸರ್. ನಮ್ಮ ಲಾರಿ ಕ್ಲೀನರ್ ಖಾದರ್ ಚಾಚಾಂದು. ಒಂದು ಬಿದ್ರ ನಿಲ್ಲಿಸಬೇಕು, ಎರಡು ಬಿದ್ರ ಹೋಗಬೇಕು."

ಚಾಚಾ ಎಲ್ಲಿದ್ದಾನೆಂದು ಕೇಳಿದೆ. ತೀರಿಕೊಂಡು ಮೂರು ವರ್ಷವಾಯಿತು ಎಂದಳು. ಊಟವಾಯಿತೇ ಎಂದರೆ ಆಯಿತು ಎನ್ನುವಷ್ಟು ಸಲೀಸಾಗಿ ಹೇಳಿದಳು. ಅಪ್ರೋಚ್, ಅಂದರೆ ಇಳಿಯಲು ಬಂದ ರೀತಿ, ಸರಿಯಿರಲಿಲ್ಲ ಎಂದು ಪರೀಕ್ಷೆಯ ಫಾರ್ಮಿನಲ್ಲಿ ಕಾರಣ ಬರೆದುಬಿಡು ಮಾರಾಯ್ತಿ ಎಂದೆ. ಸರಿಯಿದ್ದುದನ್ನು ಸರಿಯಿಲ್ಲ ಎಂದು ಹೇಗೆ ಬರೆಯಲಿ ಎಂದವಳೇ ಏಟಿನ ವಿಷಯವನ್ನೇ ಬರೆದು ಕೊಟ್ಟಳು.

ಅಷ್ಟರಲ್ಲಿ ಟೆಕ್ನಿಷಿಯನ್ ನನ್ನನ್ನು ಬದಿಗೆ ಕರೆದ. ಬೆಳಗಿನ ತಂಡದ ತರಬೇತಿಗೆಂದು ಪ್ಯಾನೆಲ್‌ನಿಂದ ಪರದೆಯ ರನ್‌ವೇ ಮೇಲೆ ಒಂದು ಅಗ್ನಿಶಾಮಕ ಗಾಡಿ ನಿಲ್ಲಿಸಿದ್ದರಂತೆ. ಅದು ಹಾಗೇ ಉಳಿದಿತ್ತು. ಚಕ್ರ ನೆಲ ಮುಟ್ಟುವ ಜಾಗದಲ್ಲೇ ಇತ್ತು, ಮಂಜಿನಲ್ಲಿ ನಮಗ್ಯಾರಿಗೂ ಕಂಡಿರಲಿಲ್ಲ. ಅವಳು ಇಳಿದಿದ್ದರೆ ನೇರ ಅದಕ್ಕೇ ಹೊಡೆಯುತ್ತಿದ್ದಳು. ಪರೀಕ್ಷೆಗೆ ಮೊದಲು ಪ್ಯಾನೆಲ್ ಖಾಲಿಯಿದೆಯೇ ಎಂದು ನೋಡಬೇಕಾದವನು ನಾನು. ನೋಡಿರಲಿಲ್ಲ. ಅಳಿಸಿಬಿಡಪ್ಪ ಎಂದೆ, ಅಳಿಸಿದ.

ಸಂಜೆ ನಾಲ್ಕಕ್ಕೆ ಆಯ್ಕೆ ಸಮಿತಿ ಸೇರಿತು. ಮನಶ್ಶಾಸ್ತ್ರಜ್ಞೆ ಅವಳ ಫಾರ್ಮನ್ನು ಎರಡು ಸಲ ಓದಿದರು. ಒಳಗಿದ್ದ ಬೇರೆ ಯಾರಿಗಾದರೂ ಸದ್ದು ಕೇಳಿಸಿತೇ ಎಂದು ಕೇಳಿದರು. ಸಹಾಯಕ ಪೈಲಟ್ ಕೇಳಿಸಲಿಲ್ಲವೆಂದ, ಅದು ನಿಜವೇ ಇರಬೇಕು. ನಂತರ ನನ್ನತ್ತ ನೋಡಿದರು. ಹೌದು ಎಂದರೆ ನನ್ನ ತಲೆಯನ್ನೂ ತಪಾಸಣೆಗೆ ಕಳಿಸುತ್ತಾರೆ, ಗಾಡಿಯ ವಿಷಯವೂ ಹೊರಬೀಳುತ್ತದೆ. ಇಲ್ಲ ಎಂದೆ. ಇಲ್ಲದ ಸದ್ದು ಕೇಳಿಸಿಕೊಳ್ಳುವವರಿಗೆ ವಿಮಾನ ಕೊಡಲಾಗದು ಎಂದು ತೀರ್ಮಾನವಾಯಿತು. ಸಹಿ ಹಾಕಿದೆ.

ಕಾರಿಡಾರಿನಲ್ಲಿ ಅವಳು ಬ್ಯಾಗ್ ಹಿಡಿದು ನಿಂತಿದ್ದಳು. ಫಲಿತಾಂಶ ಹೇಳಿದೆ. ಜಗಳವಿಲ್ಲ, ಅಳುವಿಲ್ಲ. "ಮುಂದಿನ ಗಾಜಿನ್ಯಾಗ ನಿಮ್ಮ ಬಿಂಬ ಕಂಡಿತ್ರಿ ಸರ್. ನೀವೂ ತಿರುಗಿ ನೋಡಿದ್ರಿ," ಎಂದಷ್ಟೇ ಹೇಳಿ ಹೊರಟುಹೋದಳು.

ದೆವ್ವ-ಗಿವ್ವ ನಂಬುವ ಪೈಕಿಯವನಲ್ಲ ನಾನು. ಹೈಡ್ರಾಲಿಕ್ ಕಾಲಿನ ಸದ್ದೇ ಇರಬೇಕೆಂದು ಸಮಾಧಾನ ಹೇಳಿಕೊಂಡೆ. ಆ ಸಮಾಧಾನ ಬಾಳಿದ್ದು ಐದು ತಿಂಗಳು ಮಾತ್ರ. ರಜೆಯಲ್ಲಿ ಹುಬ್ಬಳ್ಳಿಗೆ ಬಂದಿಳಿದು ಶಿರಸಿಗೆ ಹೊರಟವನು ಕಿರವತ್ತಿಯಲ್ಲಿ ಚಹಾಕ್ಕೆ ಕಾರು ನಿಲ್ಲಿಸಿದೆ. ಧಾಬಾದ ಪಕ್ಕದಲ್ಲಿ ಹಳೆಯ ಲಾರಿಯೊಂದು ನಿಂತಿತ್ತು. ಹಣೆಯ ಮೇಲೆ ನಸೀಮಾ ಎಂದು ಬಣ್ಣದಲ್ಲಿ ಬರೆದಿತ್ತು. ನೆರಳಲ್ಲಿ ಕೂತಿದ್ದ ಡ್ರೈವರ್, ಅವಳ ತಂದೆಯೇ ಇರಬೇಕು, ಬರ್ರಿ, ಕೂಡ್ರಿ ಎಂದರು. ನಾನ್ಯಾರೆಂದು ಹೇಳುವ ಧೈರ್ಯ ನನಗಾಗಲಿಲ್ಲ. ಲಾರಿಯ ಎಡಬದಿಯ ಹಲಗೆಯಲ್ಲಿ ಒಂದು ಕಡೆ ಮಾತ್ರ ಬಣ್ಣ ಸವೆದು ಅಂಗೈಯಗಲ ತಗ್ಗು ಬಿದ್ದಿತ್ತು. ಅದೇನೆಂದು ಕೇಳಿದೆ.

"ಅದು ನಮ್ಮ ಖಾದರ್‌ಂದು ಸಾಹೇಬ್ರ. ಇಪ್ಪತ್ತೆಂಟು ವರ್ಷ ಅಲ್ಲೇ ತಟ್ಟಿದ. ಅರಬೈಲ್ ಘಾಟಿನ್ಯಾಗ ಮಂಜು ಕವಿದ್ರ ಅವನ ಕೈಯೇ ನನಗ ಕಣ್ಣು."

ತಗ್ಗಿನ ಕೆಳಗೆ ಹಲಗೆ ತುಂಬ ಸಣ್ಣ ಸಣ್ಣ ಗೀರುಗಳಿದ್ದವು. ಇವು ಎಂತದು ಎಂದೆ.

"ಬೆಳ್ಳಿ ಉಂಗುರ ಇತ್ರಿ ಅವನ ಬೆರಳಾಗ. ಅಂಗೈ ಬಿದ್ದ ಮ್ಯಾಲೆ ಟಿಕ್ ಅಂತಿತ್ತು."

ಚಹಾದ ಲೋಟ ಕೆಳಗಿಟ್ಟೆ. ಆ ಟಿಕ್ ಸದ್ದನ್ನು ನಾನು ಹೆಂಡತಿಗೂ ಹೇಳಿರಲಿಲ್ಲ. ನಸೀಮಾಳ ಫಾರ್ಮಿನಲ್ಲೂ ಅದಿರಲಿಲ್ಲ. ಮಗಳೇನು ಮಾಡುತ್ತಿದ್ದಾಳೆ ಎಂದು ಕೇಳದೆಯೇ ಎದ್ದು ಬಂದೆ. ಇಷ್ಟು ನಾಚಿಕೆ ನನಗೆ ಹುಟ್ಟಿದಂದಿನಿಂದ ಆಗಿದ್ದಿಲ್ಲ.

ಕಳೆದ ವರ್ಷ, ನಿವೃತ್ತನಾದ ಮೇಲೆ, ಹುಬ್ಬಳ್ಳಿಗೆ ಪ್ರಯಾಣಿಕನಾಗಿ ಬರುತ್ತಿದ್ದೆ. ಬೇರೆ ಕಂಪನಿಯ ವಿಮಾನ. ಸ್ಪೀಕರಿನಲ್ಲಿ ಫಸ್ಟ್ ಆಫೀಸರ್ ನಸೀಮಾ ಎಂದು ಕೇಳಿ ಕೂತಲ್ಲೇ ನೆಟ್ಟಗಾದೆ. ಎಷ್ಟು ಸಂತೋಷವಾಯಿತೋ ಅಷ್ಟೇ ಹೆದರಿಕೆಯೂ ಆಯಿತು. ಬೆಳಗಿನ ಹತ್ತು ಗಂಟೆ, ಮೋಡದ ಚೂರೂ ಇಲ್ಲ. ರನ್‌ವೇ ಅಂಚು ದಾಟುವ ಹೊತ್ತಿಗೆ ನನ್ನ ಕಿಟಕಿಯ ಪಕ್ಕದಲ್ಲೇ, ಹೊರಗಿನಿಂದ, ಒಂದು ಏಟು. ಹಿಂದೆಯೇ ಟಿಕ್. ಮರುಕ್ಷಣ ಇಂಜಿನ್ ಮೊರೆಯಿತು, ವಿಮಾನ ಮೇಲೆದ್ದಿತು. ಪಕ್ಕದ ಸೀಟಿನವರು ಮೊಬೈಲ್ ನೋಡುತ್ತಲೇ ಇದ್ದರು.

ಒಂದು ಸುತ್ತು ಹಾಕಿ ಎರಡನೇ ಪ್ರಯತ್ನಕ್ಕೆ ಇಳಿದೆವು. ಎಲ್ಲರೂ ಹೋಗುವವರೆಗೆ ಕೂತಿದ್ದು ಬಾಗಿಲ ಬಳಿ ಅವಳನ್ನು ಕಂಡೆ. ಗುರುತು ಹಿಡಿದಳು. "ಅವತ್ತು ನಾನೂ ಕೇಳಿದ್ದೆ ತಂಗಿ. ರನ್‌ವೇ ಮೇಲೆ ಗಾಡಿಯೂ ಇತ್ತು. ಎರಡನ್ನೂ ಮುಚ್ಚಿಟ್ಟೆ. ತಪ್ಪಾಯಿತು," ಎಂದೆ. ಗಾಡಿಯ ವಿಷಯ ಅವಳಿಗೆ ಗೊತ್ತಿರಲಿಲ್ಲ. ಇವತ್ತೂ ಚಾಚಾ ತಟ್ಟಿದ್ದು ಕೇಳಿಸಿತು ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. "ಇವತ್ತು ನನಗೇನೂ ಕೇಳಿಸಿಲ್ರಿ ಸರ್. ನಾಯಿ ಅಡ್ಡ ಬಂದೈತಿ, ಮ್ಯಾಲೆ ಹೋಗ್ರಿ ಅಂತ ಟವರ್‌ನವ್ರು ಹೇಳಿದ್ರು."

ಗೋ-ಅರೌಂಡ್‌ಗೆ ಯಾರೂ ಕಾರಣ ಕೇಳಬಾರದು, ಮೊದಲು ಮೇಲೇರಬೇಕು ಎಂದು ಮೂವತ್ತು ವರ್ಷ ಪಾಠ ಹೇಳಿದವನು ನಾನು. ಅದನ್ನು ಪಾಲಿಸಿದ ಒಬ್ಬಳನ್ನು ನಾನೇ ಮನೆಗೆ ಕಳಿಸಿದ್ದೆ. ಕೇಳಿದ್ದನ್ನು ಕೇಳಿದೆ ಎಂದು, ಕೇಳಿದ ಹೊತ್ತಿಗೇ ಹೇಳಬೇಕು. ಈ ಕೆಲಸ ನನಗೆ ಕಲಿಸಿದ್ದು ಅದು, ಕಲಿತದ್ದು ತಡವಾಗಿ. ಈಗ ಶಿರಸಿಯ ಮನೆಯಲ್ಲಿ ಕಾರನ್ನು ಹಿಂದಕ್ಕೆ ತೆಗೆಯುವಾಗ ರೇಡಿಯೋ ನಿಲ್ಲಿಸಿ, ಎಡಗಡೆಯ ಗಾಜು ಇಳಿಸಿಕೊಳ್ಳುತ್ತೇನೆ.